ಹತ್ತರಲ್ಲಿ ಮೂವರು

ಕುಡಿದು ಕುಡಿದು ಲಿವರ್ ಕೆಡಿಸಿಕೊಂಡಿದ್ದ ತಿಪ್ಪೇಸ್ವಾಮಿ ಮೂರನೇ ಸಲ ರಕ್ತ ಕಾರಿಕೊಂಡಾಗ, ಡಾಕ್ಟರು ಅವನ ಹೆಂಡತಿ ಓಬಮ್ಮನನ್ನು ಒಳಗೆ ಕರೆದರು. ಗಂಡನ ಏಟಿಗೆ ಎಡಗಿವಿ ಹೋಗಿದ್ದರಿಂದ ಅವಳು ಬಲಗಿವಿಯನ್ನು ಅವರತ್ತ ತಿರುಗಿಸಿ ಕೂತಳು.

"ಲಿವರಿನೊಳಗೆ ಸಣ್ಣ ಕೊಳವೆ ಹಾಕಿ ರಕ್ತಕ್ಕೆ ಬೇರೆ ದಾರಿ ಮಾಡ್ತೀವಿ. ರಿಪೋರ್ಟೆಲ್ಲ ಲೆಕ್ಕ ಹಾಕಿ ನೋಡಿದ್ರೆ, ಇಂಥ ಹತ್ತು ಜನರಲ್ಲಿ ಏಳು ಜನ ವರ್ಷ ದಾಟ್ತಾರೆ. ಆದ್ರೆ ಕೊಳವೆ ಹಾಕಿಸಿಕೊಂಡ ಹತ್ತರಲ್ಲಿ ಮೂವರಿಗೆ ತಲೆ ಗೊಂದಲ ಆಗುತ್ತೆ. ಮನೆಯವರ ಗುರುತೂ ಸಿಗದೆ ಹೋಗಬಹುದು."

"ಜೀವ ಉಳಿದ್ರೆ ಸಾಕು ಸಾಮಿ," ಎಂದು ಓಬಮ್ಮ ಸಹಿ ಹಾಕಿದಳು.

ರಕ್ತ ಕಾರುವುದು ನಿಂತಿತು. ಮನೆಗೆ ಬಂದ ಮೂರನೇ ವಾರ ಅವಳು ಗಂಜಿ ತಂದಿಟ್ಟಾಗ ತಿಪ್ಪೇಸ್ವಾಮಿ ಅವಳ ಮುಖವನ್ನೇ ನೋಡಿದ.

"ನೀವು ಯಾರ ಮನೆಯೋರು ತಾಯಿ? ನನಗೆ ಇಷ್ಟೆಲ್ಲ ಮಾಡ್ತೀರಲ್ಲ, ನಿಮ್ಮ ಊಟ ಆಯ್ತಾ?"

ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಅವನು ಅವಳ ಊಟ ವಿಚಾರಿಸಿದ್ದು ಅದೇ ಮೊದಲು. ಓಬಮ್ಮ ಅಡುಗೆಮನೆಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ನಾಲ್ಕು ದಿನ ಅವನು ಕೈ ನಡುಗಿಸುತ್ತ, ತೂಕಡಿಸುತ್ತ, ಎಚ್ಚರವಾದಾಗಲೆಲ್ಲ ಅವಳನ್ನು ಬಹುವಚನದಲ್ಲೇ ಮಾತಾಡಿಸಿದ. ಐದನೇ ದಿನ ನೋಡಲು ಬಂದ ಮಗಳು ಗಾಬರಿಯಾಗಿ ಇಬ್ಬರನ್ನೂ ಆಸ್ಪತ್ರೆಗೆ ಕರೆತಂದಳು.

"ಹೆದರಬೇಡಿ ಅಮ್ಮ," ಎಂದು ಡಾಕ್ಟರು ಒಂದು ಸಿರಪ್ ಬರೆದುಕೊಟ್ಟರು. "ದಿನಕ್ಕೆ ಮೂರು ಸಲ ಕುಡಿಸಿ. ಒಂದು ವಾರದಲ್ಲಿ ಮೊದಲು ಹೇಗಿದ್ರೋ ಹಾಗೇ ಆಗ್ತಾರೆ."

ಓಬಮ್ಮ ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದು, ಮಗಳು ಆಚೆ ಹೋಗುವ ತನಕ ಕಾದಳು.

"ಕುಡಿಸಲೇಬೇಕಾ ಸಾಮಿ?"