ಜೋಯಿಸರ ಸ್ಟಾರ್ಟರ್

ಶುಕ್ರವಾರ ಹತ್ತೂಮುಕ್ಕಾಲಿಗೆ ಫಿಲೋಮಿನಾ ಟೀಚರ ಹಳೇ ಕಾರು ಪಟ್ಟು ಹಿಡಿದು ನಿಂತಿತು. ಹಳೇ ವಾಹನಗಳ ತಪಾಸಣೆ ಕಚೇರಿ ಅಂದು ಮುಚ್ಚುವುದು ಹನ್ನೆರಡಕ್ಕೆ. ಅಷ್ಟರೊಳಗೆ ಸಹಿ ಸಿಗದಿದ್ದರೆ ಕಾರು ಗುಜರಿಗೆ. ಟೀಚರೇ ಬಾನೆಟ್ ಎತ್ತಿ ಪ್ಲಗ್ ಉಜ್ಜಿದರು, ಬ್ಯಾಟರಿ ತಂತಿ ಬಿಗಿದರು. ಕಾರು ಕಮಕ್ ಕಿಮಕ್ ಎನ್ನಲಿಲ್ಲ.

ಹಳೇ ಬಿಡಿಭಾಗಗಳು ಹಿಂದಿನ ಮಾಲೀಕರ ಚಾಳಿಯನ್ನೂ ಹೊತ್ತು ತರುವುದು ಊರಿಗೆಲ್ಲ ಗೊತ್ತಿದ್ದದ್ದೇ. ಯಾರೋ ಗುಮಾಸ್ತರ ಕಾರಿನಿಂದ ಟೀಚರ ಕಾರಿಗೆ ಬಂದ ಬ್ರೇಕು ಪ್ರತಿ ಟೀ ಅಂಗಡಿಯ ಮುಂದೆ ತಾನೇ ಹಿಡಿದುಕೊಳ್ಳುತ್ತಿತ್ತು. ಸ್ಟಾರ್ಟರ್ ಮಾತ್ರ ಮೊನ್ನೆ ಹಾಕಿದ್ದು. ಅದನ್ನು ಕೊಟ್ಟ ಗುಜರಿ ಅಂಗಡಿಯ ಜಬೀವುಲ್ಲಾಗೆ ಫೋನ್ ಮಾಡಿದರು.

“ಅದು ಜೋಯಿಸರ ಕಾರಿಂದು ಟೀಚರೇ. ಹನ್ನೆರಡರವರೆಗೂ ರಾಹುಕಾಲ. ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ.”

“ನಾನು ದಿನಾ ಚರ್ಚಿಗೆ ಹೋಗೋಳು ಕಣಯ್ಯಾ!”

“ಅದು ಸ್ಟಾರ್ಟರ್‌ಗೆ ಎಲ್ಲಿ ಗೊತ್ತು?”

ಫಿಲೋಮಿನಾ ಒಂದು ಗಳಿಗೆ ಯೋಚಿಸಿ, ಕಾರಿನ ಗಡಿಯಾರದ ಮುಳ್ಳನ್ನು ಹನ್ನೆರಡೂ ಐದಕ್ಕೆ ತಿರುಗಿಸಿದರು. ಕಾರು ಗುರ್ರೆಂದಿತು.

ಮೂರು ಟೀ ಅಂಗಡಿಗಳಿಗೆ ಹಾಜರಿ ಹಾಕಿ, ಹನ್ನೊಂದೂವರೆಗೆ ಕಚೇರಿ ಮುಟ್ಟಿದರು. ಕಾರನ್ನೆಲ್ಲ ನೋಡಿ ತಲೆದೂಗಿದ ಅಧಿಕಾರಿ ಪೆನ್ನು ತೆಗೆದರು. ಗೋಡೆ ಗಡಿಯಾರದತ್ತ ಕಣ್ಣು ಹಾಯಿಸಿ ಮತ್ತೆ ಜೇಬಿಗಿಟ್ಟರು.

“ರಾಹುಕಾಲ ಮೇಡಂ. ಹನ್ನೆರಡಾಗೋವರೆಗೂ ಸಹಿ ಹಾಕಲ್ಲ.”

ಫಿಲೋಮಿನಾ ಸ್ಟೂಲು ಎಳೆದುಕೊಂಡು ಹತ್ತಿ, ಗ್ರೀಸು ಮೆತ್ತಿದ ಕೈಯನ್ನು ಗೋಡೆ ಗಡಿಯಾರದ ಮುಳ್ಳಿಗೆ ಚಾಚಿದರು.