ತಿರುಗದ ಗಾಳಿಬಟ್ಟಲು

ಮುದುಕನ ಹಾಯಿದೋಣಿಯ ಕಂಬದ ತುದಿಯಲ್ಲಿ ಗಾಳಿಯ ವೇಗ ಅಳೆಯುವ ಮೂರು ಪುಟ್ಟ ಬಟ್ಟಲುಗಳು ವಾರದಿಂದ ತಿರುಗುವುದನ್ನೇ ನಿಲ್ಲಿಸಿದ್ದವು. ಕೆಳಗಿನ ಮೀಟರಿನಲ್ಲಿ ಬರೀ ಸೊನ್ನೆ.

“ಗಾಳಿ ಎಷ್ಟುಂಟೆಂದೇ ಗೊತ್ತಾಗದೆ ಸಮುದ್ರಕ್ಕೆ ಹೋಗುವುದುಂಟಾ?” ದೋಣಿ ಕಟ್ಟುವ ದಕ್ಕೆಯ ಮೇಲೆ ಕುಳಿತು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದ ಹೆಂಡತಿ ತಲೆಯೆತ್ತದೆ ಕೇಳಿದಳು. “ಹೋದ ಸಲ ನೀರಿಗೆ ಬಿದ್ದ ನಿಮ್ಮನ್ನು ಮೀನು ಹಿಡಿಯುವವರು ಎತ್ತಿ ತಂದದ್ದು ಮರೆತುಹೋಯಿತಾ? ಮೆಕ್ಯಾನಿಕ್ ಬರಲಿ.”

“ನಿನ್ನ ಮೆಕ್ಯಾನಿಕ್ ಬರುವಾಗ ನನ್ನ ತಿಥಿಯೇ ಮುಗಿದಿರುತ್ತದೆ,” ಎಂದ ಮುದುಕ. “ನಾನೇ ಹತ್ತಿ ಹೊಸದು ಹಾಕುತ್ತೇನೆ.”

“ಈ ಪ್ರಾಯದಲ್ಲಿ ಕಂಬ ಹತ್ತುವುದಾ? ನೋಡಿದರೇ ನನಗೆ ತಲೆ ತಿರುಗುತ್ತದೆ, ಮಾರಾಯ್ರೆ!”

“ನಿನಗೆ ಅಟ್ಟದ ಏಣಿ ಕಂಡರೂ ತಲೆ ತಿರುಗುತ್ತದೆ. ಕಣ್ಣು ಮುಚ್ಚಿಕೊ.”

ಹೊಸ ಯಂತ್ರವನ್ನು ಚೀಲಕ್ಕೆ ಹಾಕಿ, ಸೊಂಟಕ್ಕೆ ಹಗ್ಗ ಬಿಗಿದು, ಅವನು ಕಂಬಕ್ಕೆ ಹೊಡೆದ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿದ. ಅರ್ಧದಲ್ಲಿ ಉಸಿರು ಕಟ್ಟಿತು. ಕೆಳಗಿನಿಂದ ಅವಳು “ಇಳಿಯಿರಿ” ಎಂದು ಕೂಗಿದಷ್ಟೂ ಅವನ ಹಟ ಏರಿತು. ಹುಟ್ಟಿದಂದಿನಿಂದ ಕಂಡ ಸಮುದ್ರ. ಹೋಗಬೇಡ ಎನ್ನಲು ಯಾರಿಗೆ ಅಧಿಕಾರ?

ತುದಿ ಮುಟ್ಟಿ ಸ್ಕ್ರೂಡ್ರೈವರ್ ತೆಗೆದವನು ಹಾಗೇ ನಿಂತುಬಿಟ್ಟ. ಯಂತ್ರಕ್ಕೆ ಏನೂ ಆಗಿರಲಿಲ್ಲ. ಮೂರೂ ಬಟ್ಟಲುಗಳನ್ನು ಸರಳಿಗೆ ಸೇರಿಸಿ, ಯಾರೋ ಬಾಳೆನಾರಿನಲ್ಲಿ ಬಿಗಿದು, ಮಲ್ಲಿಗೆ ಕಟ್ಟುವ ಗಂಟು ಹಾಕಿದ್ದರು.