ಜಮಖಾನ ನೇಯ್ದ ಕೈ

ಕೊಲೆಯಲ್ಲಿ ಜೊತೆಗಿದ್ದೂ ಚೂರಿ ಹಾಕದವನಿಗೆ ಈಗ ಹೊಸ ಕಾನೂನಿನಂತೆ ಶಿಕ್ಷೆ ಕಡಿಮೆಯಾಗುತ್ತದೆ. ಹಾಕಿಲ್ಲವೆಂದು ಅವನ ಕೈಯೇ ಹೇಳಬೇಕು, ಅಷ್ಟೆ.

ಜೈಲಿನ ಕಚೇರಿಯಲ್ಲಿ ದುಂಡಪ್ಪ ಕೈಯ ನೆನಪು ಓದುವ ಯಂತ್ರದ ಗಾಜಿನ ಮೇಲೆ ಅಂಗೈ ಊರಿದ. ಹೆಂಡತಿ ಗೌರವ್ವ ಪಕ್ಕದಲ್ಲಿ ನಿಂತಳು. ನೆನಪು ಪರದೆಯಲ್ಲಿ ಮೂಡಿತು: ಜೈಲಿನ ಮಗ್ಗ, ಲಾಳಿ, ಜಮಖಾನ. ಅಧಿಕಾರಿ ಆ ನೆನಪನ್ನು ಹಿಂದಕ್ಕೆ ಸರಿಸುತ್ತಲೇ ಹೋದರು. ಬರೀ ಜಮಖಾನ.

"ನೇಯ್ದು ನೇಯ್ದು ಹಳೇದೆಲ್ಲಾ ಅಳಿಸಿ ಹೋಗೇತಿ. ಆ ದಿನದ್ದು ಏನೂ ಸಿಗೂದಿಲ್ಲ" ಎಂದರು.

"ನಾ ಬರೇ ಬಾಗಲಾ ಹಿಡಕೊಂಡಿದ್ನಿ, ಸಾಹೇಬ್ರ! ಇನ್ನೊಮ್ಮೆ ನೋಡ್ರಿ!" ದುಂಡಪ್ಪ ಅಂಗೈಯನ್ನು ಗಾಜಿಗೆ ತಿಕ್ಕತೊಡಗಿದ.

"ಸುಮ್ನ ಕುಂತವರ ಕೈಯಾಗ ಹಳೇದು ಉಳಿದಿರತೈತೇನ್ರಿ?" ಗೌರವ್ವ ಕೇಳಿದಳು.

"ಹೂಂ, ಹಂಗ ಇರತೈತಿ."

ಗೌರವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಪ್ರತಿ ಭೇಟಿಯಲ್ಲೂ, "ಕೈ ಖಾಲಿ ಬಿಡಬ್ಯಾಡ್ರಿ, ದುಡದ್ರ ಲಗೂನ ಬಿಡ್ತಾರ" ಎಂದು ಹೇಳಿ ಹೋಗುತ್ತಿದ್ದವಳು ಅವಳೇ.